ಮೆಟ್ಟಿಲ ಮೇಲೆ ಸಪೋರ್ಟು ನಿಂತಿದೆ, ಮೇಲಿನವರು ಇಳಿಯೋದು ಹೇಗೆ?

ಹಾಸನ ಸೈಟ್
ವಿದ್ಯಾನಗರದಲ್ಲಿ ಗ್ರೌಂಡ್ ಪ್ಲಸ್ ಮೂರು. ಇರೋದು ಒಂದೇ ಮೆಟ್ಟಿಲು, 4 ಅಡಿ ಅಗಲ. ಎರಡರಿಂದ ಮೂರಕ್ಕೆ ಹೋಗೋ ಫ್ಲೈಟ್ (ಮೆಟ್ಟಿಲ ಸಾಲು) ಕಾಂಕ್ರೀಟ್ ಆಗಿ ನಾಲ್ಕು ದಿನ. ಅದಕ್ಕೆ ಸಪೋರ್ಟು ಕೊಟ್ಟ ಪೋಲುಗಳೆಲ್ಲ ಕೆಳಗಿನ ಫ್ಲೈಟ್ ಮೇಲೇ ಇವೆ, ಮೈ ಅಡ್ಡ ಮಾಡಿಕೊಂಡು ನುಸುಳಬೇಕು. ಮಳೆ ಅಂತ ಸಿಮೆಂಟು, ಥಿನ್ನರ್ ಡಬ್ಬ ಕೆಳಗೆ ಮೆಟ್ಟಿಲ ಬಾಯಲ್ಲಿವೆ. ಮೇಲೆ ಹನ್ನೆರಡು ಜನ. ನಡುವಿನ ಪೋಲು ಈಗಲೇ ತೆಗೀಬಹುದಾ?

ಸ್ಟ್ರಕ್ಚರ್ ನೋಡೋವ್ನು
ಬೇಡ ಸರ್. ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456 ಪ್ರಕಾರ ಸ್ಪ್ಯಾನ್ (ಒಂದು ಆಧಾರದಿಂದ ಇನ್ನೊಂದಕ್ಕಿರೋ ಉದ್ದ) 4.5 ಮೀಟರ್ ಒಳಗಿದ್ರೆ ಪೋಲು 7 ದಿನ, ಮೀರಿದ್ರೆ 14 ದಿನ ಇರಬೇಕು. ಅದು ಮಾಮೂಲಿ ಸಿಮೆಂಟಿಗೆ. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಹಾಕಿದ್ರೆ ಇನ್ನೂ ನಿಧಾನ, ಎಂಜಿನಿಯರ್ ಹೇಳಿದ ಮೇಲೇ ಕೈ ಹಾಕಿ. ಸ್ಪ್ಯಾನ್ ಅಂದ್ರೆ ಬರೀ ಮೆಟ್ಟಿಲಲ್ಲ. ಬೀಮು ಲ್ಯಾಂಡಿಂಗಿನ ಆಚೆ ತುದಿಯಲ್ಲಿದ್ರೆ ಲ್ಯಾಂಡಿಂಗೂ ಸೇರುತ್ತೆ. ಮೇಸ್ತ್ರಿಗಳು ಎಡವೋದು ಇಲ್ಲೇ.

ಅಲ್ಲೀತನಕ ಹೊರಗಡೆಯಿಂದ ಪೈಪ್ ಸ್ಕ್ಯಾಫೋಲ್ಡಿಂಗ್ ಕಟ್ಟಿ, ಗೋಡೆಗೆ ಬಿಗಿದು, ಒಳಗೆ ಒಂದೊಂದು ಹಂತಕ್ಕೂ ಬೇರೆ ಏಣಿ ಇಡಿ. 4 ಅಡಿ ಎತ್ತರಕ್ಕೆ ಬುಡ 1 ಅಡಿ ಹೊರಗೆ, ತುದಿ ಸ್ಲ್ಯಾಬಿಗಿಂತ 1 ಮೀಟರ್ ಮೇಲೆ, ಎರಡೂ ಕಾಲು ಕಟ್ಟಿರಬೇಕು. ಎರಡು ಮಹಡಿಗೆ ಒಂದೇ ಬಿದಿರೇಣಿ ನಿಲ್ಲಿಸಬೇಡಿ, ನಡುವೆ ಬಾಗುತ್ತೆ.

ಮುಂದಿನ ಫ್ಲೈಟಿಗೆ ಪೋಲನ್ನ ಎರಡೂ ಅಂಚಿಗೆ ಸಾಲಾಗಿ ನಿಲ್ಲಿಸಿ, ಮೇಲೆ ಅಡ್ಡ ರನ್ನರ್ (ಭಾರ ಹೊರೋ ತೊಲೆ) ಕೊಡಿ. ನಡುವೆ ಎರಡೂವರೆ ಅಡಿ ದಾರಿ ಸಿಗುತ್ತೆ. ರನ್ನರ್ ಸೈಜು ಎಂಜಿನಿಯರ್ ಹೇಳಲಿ. ಅಡ್ಡ ಬ್ರೇಸಿಂಗು ತಲೆಗಿಂತ ಮೇಲಿರಲಿ; ಸೊಂಟದ ಎತ್ತರಕ್ಕೆ ಹೊಡೆದ್ರೆ ದಾರಿ ಬಿಟ್ಟೂ ದಂಡ.

ಚಿಕ್ಕಮಗಳೂರು ಎಲೆಕ್ಟ್ರಿಕಲ್
ಥಿನ್ನರನ್ನ ಇವತ್ತೇ ಎತ್ತಿಸಿ. ಬುಡದಲ್ಲಿ ಬೆಂಕಿ ಹತ್ತಿದ್ರೆ ಮೆಟ್ಟಿಲ ಗೂಡು ಹೊಗೆಗೊಳವೆ ಆಗುತ್ತೆ, ಮೇಲಿನವರು ಇಳಿಯೋದಿರಲಿ ಉಸಿರಾಡಕ್ಕೂ ಆಗಲ್ಲ. ಸಿಮೆಂಟು ಮುಂದಿನ ರೂಮಲ್ಲಿ ಹಲಗೆ ಮೇಲೆ, ಗೋಡೆಗೆ ತಾಗದಂತೆ, 10 ಮೂಟೆಗಿಂತ ಎತ್ತರ ಬೇಡ.

ಲೈಟಿನ ಲೈನು ಬೇರೆ ಎಳೀರಿ, ಅದಕ್ಕೆ ಬೇರೆ, ಕರೆಂಟು ಸೋರಿದ್ರೆ ಲೈನು ಕಡಿಯೋ 30 ಮಿಲಿಆಂಪ್ ಆರ್‌ಸಿಸಿಬಿ. ಕಟಿಂಗ್ ಮಷಿನ್ ಜೊತೆ ಒಂದರಲ್ಲೇ ಇದ್ರೆ ಒದ್ದೆಗೆ ಮಷಿನ್ ಟ್ರಿಪ್ ಆದಾಗೆಲ್ಲ ಮೆಟ್ಟಿಲು ಕತ್ತಲು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಹೋಗುತ್ತೆ, ಹಾಗಾಗಿ ಪ್ರತಿ ಲ್ಯಾಂಡಿಂಗಿಗೂ ಒಂದು ಚಾರ್ಜಿಂಗ್ ಲೈಟು. ವೆಲ್ಡಿಂಗ್ ಕೇಬಲ್ ಮೆಟ್ಟಿಲ ಮೇಲೆ ಹರೀಬಾರದು, ಗೋಡೆಗೆ ಕೊಕ್ಕೆ ಹೊಡೆದು ತೂಗುಹಾಕಿ.

ಹಾಸನ ಸೈಟ್
ಏಣಿ, ಲೈಟು ಸರಿ. ಕ್ಯೂರಿಂಗಿಗೆ (ಕಾಂಕ್ರೀಟು ಒದ್ದೆ ಇಡೋಕೆ) ಹಾಸಿದ ಗೋಣಿಚೀಲ ಜಾರುತ್ತಲ್ಲ, ಅದರ ಬದಲು ನೀರು ಆರದಂತೆ ತಡೆಯೋ ಕ್ಯೂರಿಂಗ್ ಕಾಂಪೌಂಡ್ ಹೊಡೆದ್ರೆ?

ಸ್ಟ್ರಕ್ಚರ್ ನೋಡೋವ್ನು
ಆಮೇಲೆ ಗ್ರಾನೈಟ್ ಗಾರೆ ಸರಿಯಾಗಿ ಕಚ್ಚಲ್ಲ, ಕೆರೆದು ತೆಗೀಬೇಕಾಗುತ್ತೆ. ಗೋಣಿನೇ ಇರಲಿ. ಆದ್ರೆ ಉದ್ದಕ್ಕೆ ಒಂದೇ ಹಾಸಬೇಡಿ. ಮೆಟ್ಟಿಲಿಗೊಂದರಂತೆ ಕತ್ತರಿಸಿ ಮೂಲೆಗೆ ಒತ್ತಿ ಕೂರಿಸಿ, ಅಂಚು ಜೋತಾಡಬಾರದು. ಕೈಗಂಬಿ 1 ಮೀಟರ್ ಎತ್ತರ, ನಡುವೆ ಇನ್ನೊಂದು, ಲ್ಯಾಂಡಿಂಗ್ ಅಂಚಿಗೆ 15 ಸೆಂಟಿಮೀಟರ್ ಹಲಗೆ. ಬೈಂಡಿಂಗ್ ವೈರಲ್ಲಿ ಕಟ್ಟಿದ್ದು ವಾರಕ್ಕೆ ಸಡಿಲ ಆಗುತ್ತೆ, ಕ್ಲ್ಯಾಂಪ್ ಹಾಕಿಸಿ.