ಒಂದು ಎಕರೆ ಟೊಮ್ಯಾಟೊ: ಆಳುಗಳಿಗೆ ಯಾವಾಗ ಹೇಳಿಡಬೇಕು?

ಮುಳಬಾಗಿಲು ಹೊಸ ರೈತ

ನಮಸ್ಕಾರ. ಊರಿಗೆ ವಾಪಸ್ ಬಂದಿದ್ದೇನೆ. ಮಾರ್ಚ್ ಮಧ್ಯದಲ್ಲಿ ಒಂದು ಎಕರೆ ಟೊಮ್ಯಾಟೊ ನಾಟಿ ಮಾಡಬೇಕು ಅಂತಿದ್ದೇನೆ. ಬೋರ್‌ವೆಲ್, ಡ್ರಿಪ್ ಇದೆ. ಮನೆಯಲ್ಲಿ ಕೆಲಸಕ್ಕೆ ನಾವು ಇಬ್ಬರೇ. ಯಾವುದಕ್ಕೆ ಹೊರಗಿನ ಆಳು ಬೇಕೇ ಬೇಕು, ಯಾವುದನ್ನು ನಾವೇ ಮಾಡಿಕೊಳ್ಳಬಹುದು?

ಶ್ರೀನಿವಾಸಪುರ ತೋಟದವಳು

ನಾಟಿಗೆ ಅಷ್ಟು ಚಿಂತೆ ಬೇಡ. ಸಸಿ ನರ್ಸರಿಯಿಂದ ಟ್ರೇನಲ್ಲೇ ಬರುತ್ತದೆ. ಸಾಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್‌ಗೆ ಮೊದಲೇ ತೂತು ಹಾಕಿಟ್ಟರೆ ಬಿಸಿಲು ಇಳಿದ ಮೇಲೆ ಮನೆಯವರೇ ಸ್ವಲ್ಪ ಸ್ವಲ್ಪ ನೆಡಬಹುದು. ಕೈ ಸಾಲದೆ ಬರೋದು ಆಮೇಲೆ.

ಮೊದಲು ಕಟ್ಟುವ ಕೆಲಸ. ನೀಲಗಿರಿ ಕೋಲು ಹೂಳಿ, ತಂತಿ ಎಳೆದು, ಗಿಡಕ್ಕೆ ದಾರ ಕಟ್ಟಬೇಕು. ತಡ ಆದರೆ ಗಿಡ ಒರಗುತ್ತದೆ, ಎತ್ತುವಾಗ ಕೊಂಬೆ ಸೀಳುತ್ತದೆ. ದಾರವನ್ನು ಎಂಟರ ಆಕಾರದಲ್ಲಿ, ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಬಿಗಿ ಕಟ್ಟಿದರೆ ಕಾಂಡ ದಪ್ಪ ಆದಾಗ ದಾರ ಒಳಗೆ ಕೊರೆಯುತ್ತದೆ. ಗಿಡ ಬೆಳೆದಂತೆಲ್ಲ ಮತ್ತೆ ಕಟ್ಟುತ್ತಿರಬೇಕು. ಕೈ ಪಳಗಿದ ಹೆಂಗಸರು ಮಾತಾಡುತ್ತಲೇ ಸಾಲು ಮುಗಿಸುತ್ತಾರೆ, ಅಂಥವರನ್ನೇ ಕರೆಸಿ. ಬೆಳಗಿನ ಮಂಜು ಆರುವ ತನಕ ಗಿಡ ಮುಟ್ಟಿಸಬೇಡಿ, ಒದ್ದೆ ಎಲೆ ಮುಟ್ಟಿದ ಕೈಯಲ್ಲೇ ರೋಗ ಸಾಲಿಂದ ಸಾಲಿಗೆ ಹೋಗುತ್ತದೆ.

ಆಮೇಲೆ ಬಿಡಿಸೋದು. ಮಾರ್ಚ್ ಮಧ್ಯದ ನಾಟಿ ಅಂದರೆ ಮೇ ಕೊನೆಗೆ ಹಣ್ಣು ಶುರು. ಸರಿಯಾಗಿ ಆಗಲೇ ನಮ್ಮ ಕಡೆ ಮಾವಿನ ಸುಗ್ಗಿ! ಊರಿನ ಆಳೆಲ್ಲ ಮಾವಿನ ತೋಟಕ್ಕೆ ಹೋಗಿರುತ್ತಾರೆ. ಟೊಮ್ಯಾಟೊ ಕಾಯೋದಿಲ್ಲ, ಎರಡು ದಿನ ಬಿಟ್ಟರೆ ಮೆತ್ತಗಾಗುತ್ತದೆ. ಅದಕ್ಕೇ ನನ್ನ ಮಾತು ಒಂದೇ: ಇಡೀ ಎಕರೆ ಒಂದೇ ಸಲ ನೆಡಬೇಡಿ. ಅರ್ಧ ಈಗ, ಅರ್ಧ ಮೂರು ವಾರ ಬಿಟ್ಟು. ಆಗ ಚಿಕ್ಕ ಗುಂಪಿಗೇ ಜಾಸ್ತಿ ದಿನ ಕೆಲಸ ಸಿಗುತ್ತದೆ. ಖಾತ್ರಿ ಕೆಲಸ ಇರುವ ಕಡೆಗೆ ಅವರೂ ಬರುತ್ತಾರೆ.

ಮಾಲೂರು ಕಡೆಯವ

ಬಿಟ್ಟು ಬಿಟ್ಟು ನೆಟ್ಟರೆ ಹಳೇ ಗಿಡದ ಬಿಳಿ ನೊಣ ಹೊಸ ಗಿಡಕ್ಕೆ ಬಂದು ಎಲೆ ಮುರುಟು ಹತ್ತಿಸುತ್ತದೆ ಅಲ್ವಾ? ನಾನಾದರೆ ಒಂದೇ ಸಲ ನೆಡುತ್ತೇನೆ.

ಶ್ರೀನಿವಾಸಪುರ ತೋಟದವಳು

ಆ ಭಯ ಸರಿಯಾದದ್ದೇ. ಎರಡನೇ ತುಂಡನ್ನು ಗಾಳಿ ಬರುವ ದಿಕ್ಕಿಗೆ ಇಡಿ, ನಡುವೆ ಮುಸುಕಿನ ಜೋಳದ ಸಾಲು ಹಾಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮುರುಟು ರೋಗ ತಡೆಯುವ ತಳಿ, ಅದನ್ನೂ ನೋಡಿ. ಆದರೂ ಬಿಡಿಸೋಕೆ ಜನ ಇಲ್ಲದೆ ಹಣ್ಣು ಗಿಡದಲ್ಲೇ ಕೊಳೆಯೋದು ನನಗೆ ಇನ್ನೂ ದೊಡ್ಡ ನಷ್ಟ.

ಮುಳಬಾಗಿಲು ಹೊಸ ರೈತ

ಅರ್ಧ ಅರ್ಧವೇ ಮಾಡುತ್ತೇನೆ ಅಕ್ಕ. ಕೂಲಿ ದಿನದ ಲೆಕ್ಕವೋ, ಬಾಕ್ಸ್ ಲೆಕ್ಕವೋ?

ಶ್ರೀನಿವಾಸಪುರ ತೋಟದವಳು

ದಿನದ ಲೆಕ್ಕವೇ ಇರಲಿ. ಬಾಕ್ಸ್ ಲೆಕ್ಕ ಅಂದರೆ ಅವಸರಕ್ಕೆ ಕಾಯಿ, ಹಣ್ಣು, ತೂತು ಬಿದ್ದದ್ದು ಎಲ್ಲ ಒಟ್ಟಿಗೆ ಬೀಳುತ್ತದೆ, ಮಂಡಿಯಲ್ಲಿ ಪೂರ್ತಿ ಲಾಟಿನ ರೇಟು ಇಳಿಯುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಅದನ್ನು ನಂಬಿ ಲೆಕ್ಕ ಹಾಕಬೇಡಿ. ರೇಟು ಬಿದ್ದ ದಿನವೂ ಕೂಲಿ ಅಷ್ಟೇ ಕೊಡಬೇಕು. ಅದೂ ಅವತ್ತು ಸಂಜೆಯೇ, ಮಂಡಿ ದುಡ್ಡು ಬರಲಿ ಅಂತ ಕಾಯಿಸಬೇಡಿ. ಗುಂಪಿನ ಮೇಸ್ತ್ರಿಯಮ್ಮನಿಗೆ ಏಪ್ರಿಲ್‌ನಲ್ಲೇ ಹೇಳಿಡಿ, ಮಾವಿನವರು ಹೇಳುವ ಮುಂಚೆ.