ಬಕೆಟ್ ತುಂಬಿ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ, ಲೈನಿಂಗ್ ಹೋಗಿದೆಯಾ?

ಮಣ್ಣುಗಾಡಿ: 25 ಎಚ್‌ಪಿ ಮಿನಿ ಟ್ರ್ಯಾಕ್ಟರ್, ಮುಂದೆ ಲೋಡರ್ ಇದೆ. ನಿನ್ನೆ ಬಕೆಟ್ ತುಂಬ ಮಣ್ಣು ಹೊತ್ತು ಇಳಿಜಾರಲ್ಲಿ ನೇರ ಕೆಳಗೆ ಬರ್ತಿದ್ದೆ. ಅರ್ಧ ದಾರೀಲಿ ಬ್ರೇಕ್ ಒತ್ತಿದ್ರೆ ಹಿಂದಿನ ಎರಡೂ ಗಾಲಿ ತಿರುಗೋದು ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಹುಲ್ಲಿನ ಮೇಲೆ ಹತ್ತು ಹನ್ನೆರಡು ಅಡಿ ಜಾರಿತು. ಬಕೆಟ್ ನೆಲಕ್ಕೆ ಬಿಟ್ಟ ಮೇಲೆ ನಿಂತಿತು. ಮೆಕ್ಯಾನಿಕ್ ಲೈನಿಂಗ್ (ಬ್ರೇಕ್ ಒಳಗಿನ ಉಜ್ಜೋ ಪಟ್ಟಿ) ಬದಲಾಯಿಸಬೇಕು ಅಂತಾರೆ. ಬಿಚ್ಚಿಸಲಾ?

ಹಳೇ ಸ್ಟೇರಿಂಗ್: ಸದ್ಯ ಬಿಚ್ಚಿಸಬೇಡಿ. ಗಾಲಿ ನಿಂತಿತ್ತು ಅಂತ ನೀವೇ ಬರೆದಿದ್ದೀರಿ, ಅಂದರೆ ಬ್ರೇಕ್ ಹಿಡಿದಿದೆ. ನೆಲ ಹಿಡಿಯದೇ ಇದ್ದದ್ದು ಟೈರು. ಫೋರ್ ವೀಲ್ (ನಾಲ್ಕೂ ಗಾಲಿಗೆ ಇಂಜಿನ್ ಜೋಡಿಸೋದು) ಹಾಕಿದ್ರಾ? ಹಿಂದೆ ಏನಾದರೂ ಕಟ್ಟಿತ್ತಾ? ಬಕೆಟ್ ಎಷ್ಟು ಎತ್ತರದಲ್ಲಿತ್ತು?

ಮಣ್ಣುಗಾಡಿ: ಫೋರ್ ವೀಲ್ ಇಲ್ಲ, ಅದನ್ನ ಏರು ಹತ್ತುವಾಗ ಮಾತ್ರ ಹಾಕ್ತೀನಿ. ಹಿಂದೆ ಖಾಲಿ. ಬಕೆಟ್ ಕಲ್ಲಿಗೆ ತಾಗದಿರಲಿ ಅಂತ ಬಾನೆಟ್ ಮಟ್ಟಕ್ಕೆ ಎತ್ತಿದ್ದೆ.

ಹಳೇ ಸ್ಟೇರಿಂಗ್: ಉತ್ತರ ಅಲ್ಲೇ ಇದೆ. ಇಂಥ ಬಹುತೇಕ ಗಾಡಿಗಳಲ್ಲಿ ಬ್ರೇಕ್ ಇರೋದು ಹಿಂದಿನ ಗಾಲಿಗೆ ಮಾತ್ರ. ಮುಂದೆ ಬಕೆಟ್ ಭಾರ, ಸಾಲದ್ದಕ್ಕೆ ಇಳಿಜಾರು. ತೂಕವೆಲ್ಲ ಮುಂದಿನ ಗಾಲಿಗೆ ಹೋಗಿ ಹಿಂಭಾಗ ಹಗುರ ಆಗುತ್ತೆ. ಹಗುರಾದ ಟೈರು ಬಿಗಿಯಾಗಿ ನಿಂತರೂ ಜಾರುತ್ತೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಗಾಲಿಗಳೂ ಗೇರಿನ ಮೂಲಕ ಹಿಂದಿನದಕ್ಕೆ ಜೋಡಿಯಾಗಿರ್ತವೆ, ಬ್ರೇಕ್ ನಾಲ್ಕಕ್ಕೂ ತಲುಪುತ್ತೆ. ಹತ್ತೋದಕ್ಕಿಂತ ಇಳಿಯೋದಕ್ಕೇ ಅದು ಹೆಚ್ಚು ಬೇಕು, ಆದರೆ ಎಲ್ಲರೂ ಉಲ್ಟಾ ಮಾಡ್ತಾರೆ (ನಾನೂ ಮಾಡ್ತಿದ್ದೆ).

ರೋಟವೇಟರ್ (ಮಣ್ಣು ಪುಡಿ ಮಾಡೋ ಉಪಕರಣ) ಇದ್ದರೆ ಹಿಂದೆ ಭಾರಕ್ಕೆ ಅಂತ ಕಟ್ಟಿ, ನೆಲದಿಂದ ಸ್ವಲ್ಪವೇ ಎತ್ತಿ. ಬಕೆಟ್ ನೆಲಕ್ಕೆ ತಾಗದಷ್ಟು ಮೇಲಿದ್ದರೆ ಸಾಕು. ಇಳಿಯೋಕೆ ಮುಂಚೆಯೇ, ಮೇಲೆ ನಿಂತಾಗಲೇ ಲೋ ಗೇರ್ ಹಾಕಿ. ನಡುದಾರೀಲಿ ಕ್ಲಚ್ ಒತ್ತಿ ಗೇರ್ ಬದಲಾಯಿಸೋಕೆ ಹೋದರೆ ಇಂಜಿನ್ ಹಿಡಿತ ತಪ್ಪಿ ಗಾಡಿ ಓಟ ಕೀಳುತ್ತೆ. ಭಾರದ ಬಕೆಟ್ ಇದ್ದರೆ ರಿವರ್ಸ್‌ನಲ್ಲೇ ಇಳಿಯೋದು ಇನ್ನೂ ಒಳ್ಳೇದು. ಭಾರದ ತುದಿ ಯಾವತ್ತೂ ಮೇಲುಗಡೆ ಇರಬೇಕು.

ಅಡ್ಡದಾರಿ: ಬಕೆಟ್ ಎತ್ತಿಕೊಂಡು ಇಳಿಜಾರಿಗೆ ಅಡ್ಡಡ್ಡ ಮಾತ್ರ ಹೋಗಬೇಡಿ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗಾಡುತ್ತೆ, ಹಾಗಾಗಿ ಗಾಡಿ ನಿಂತಿರೋದು ನಾಲ್ಕು ಕಾಲಿನ ಮೇಲಲ್ಲ: ಹಿಂದಿನ ಎರಡು ಟೈರು ಮತ್ತು ಆ ಒಂದು ಪಿನ್, ಮೂರೇ. ಮೇಲುಗಡೆ ಗಾಲಿ ಕಲ್ಲು ಹತ್ತಿ ಕೆಳಗಡೆ ಗಾಲಿ ಗುಂಡಿಗೆ ಇಳಿದರೆ ಮುಗೀತು. ರೋಲ್ ಬಾರ್ (ಮಗುಚಿದರೆ ಕಾಯೋ, ಸೀಟಿನ ಹಿಂದಿನ ಕಬ್ಬಿಣದ ಕಮಾನು) ಮೇಲೆತ್ತಿದ್ದು, ಬೆಲ್ಟ್ ಹಾಕಿದ್ದೀರಿ ತಾನೆ? ಬಾರ್ ಮಡಚಿ ಬೆಲ್ಟ್ ಹಾಕೋದು ಇನ್ನೂ ಅಪಾಯ, ಮಗುಚಿದರೆ ಅಡಿಯಲ್ಲೇ ಸಿಕ್ಕಿಕೊಳ್ತೀರಿ. ಇಳಿಜಾರು ಎಷ್ಟು ಡಿಗ್ರಿ?

ಮಣ್ಣುಗಾಡಿ: ಬಾರ್ ಮಡಚಿತ್ತು, ಎತ್ತಿದೆ. ಉದ್ದದ ಹಲಗೆ ಇಟ್ಟು ಅದರ ಮೇಲೆ ಫೋನ್ ಇಟ್ಟು ನೋಡಿದೆ, 14-15 ಡಿಗ್ರಿ.

ಅಡ್ಡದಾರಿ: 15 ಡಿಗ್ರಿ ಅಂದರೆ ನೂರು ಅಡಿಗೆ ಸುಮಾರು 27 ಅಡಿ ಇಳಿತ. ಕಣ್ಣಿಗೆ ಸಣ್ಣದಾಗಿ ಕಾಣುತ್ತೆ. ಅಲ್ಲಿ ಹುಲ್ಲು ಒದ್ದೆ ಇದ್ದ ದಿನ ನಾನಾಗಿದ್ದರೆ ಗಾಡಿಯನ್ನೇ ಹೊರಡಿಸ್ತಿರಲಿಲ್ಲ.

ಮಣ್ಣುಗಾಡಿ: ಇವತ್ತು ರೋಟವೇಟರ್ ಕಟ್ಟಿ, ಫೋರ್ ವೀಲ್, ಲೋ ಗೇರ್. ಮೊದಲು ಖಾಲಿ, ಆಮೇಲೆ ಅರ್ಧ ಬಕೆಟ್ ಹೊತ್ತು ರಿವರ್ಸ್‌ನಲ್ಲಿ ಇಳಿದೆ. ಬ್ರೇಕ್ ಹೆಚ್ಚುಕಮ್ಮಿ ಬೇಕೇ ಆಗಲಿಲ್ಲ. ಆದರೆ ಒಮ್ಮೆ ಒತ್ತಿದಾಗ ಗಾಡಿ ಎಡಕ್ಕೆ ಎಳೆದಂತಾಯ್ತು. ಎಡ, ಬಲ ಗಾಲಿಯ ಎರಡೂ ಬ್ರೇಕ್ ಪೆಡಲ್ ಒಟ್ಟಿಗೆ ಸೇರಿಸೋ ಲಾಚ್ ಹಾಕಿಯೇ ಇತ್ತು.

ಹಳೇ ಸ್ಟೇರಿಂಗ್: ಎಡಗಡೆ ಬೇಗ ಹಿಡೀತಿದೆ. ಎರಡೂ ಪೆಡಲ್‌ನ ಫ್ರೀ ಪ್ಲೇ (ಬ್ರೇಕ್ ಹಿಡಿಯೋ ಮುಂಚೆ ಪೆಡಲ್ ಸುಮ್ಮನೆ ಇಳಿಯೋ ಅಂತರ) ಅಳೆದು, ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ ಸಮ ಮಾಡಿಸಿ. ನಿಮ್ಮ ಮೆಕ್ಯಾನಿಕ್‌ಗೆ ಅಷ್ಟು ಕೆಲಸ ಮಾತ್ರ ಕೊಡಿ.

ಮಣ್ಣುಗಾಡಿ: ಬಲಗಡೆ ಹತ್ತಿರಹತ್ತಿರ ಎರಡರಷ್ಟು ಸಡಿಲ ಇತ್ತು. ರಾಡ್ ತಿರುಗಿಸಿ ಸಮ ಮಾಡಿದ್ದಾಯ್ತು, ಈಗ ನೇರ ನಿಲ್ಲುತ್ತೆ.