ಕುಂಡದ ಟೊಮೆಟೊ ಕಾಯಿಗೆ ತಳ ಕಪ್ಪಾಗುತ್ತಿದೆ, ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ನಮ್ಮದು. ತಾರಸಿಯ ಒಂದು ಮೂಲೆಯನ್ನು ಓನರ್ ಆಂಟಿ ಗಿಡಕ್ಕೆ ಬಿಟ್ಟುಕೊಟ್ಟಿದ್ದಾರೆ. ಡಿಸೆಂಬರ್‌ನಲ್ಲಿ ಆರು ಟೊಮೆಟೊ ಸಸಿ ನೆಟ್ಟೆ. ಎಲ್ಲವೂ 10 ಇಂಚಿನ ಪ್ಲಾಸ್ಟಿಕ್ ಕುಂಡ. ಈಗ ಮಾರ್ಚ್. ಗಿಡ ನನ್ನ ಸೊಂಟದವರೆಗೆ ಬಂದಿದೆ. ಹೂವು ಬಿಡುತ್ತದೆ, ಅರ್ಧಕ್ಕರ್ಧ ಉದುರಿಹೋಗುತ್ತದೆ. ಕಚ್ಚಿದ ನಾಲ್ಕು ಕಾಯಲ್ಲಿ ಮೂರಕ್ಕೆ ತಳದಲ್ಲಿ ಕಪ್ಪು ಚಕ್ಕೆ. ಎರಡು ಗಿಡದ ಎಲೆ ಮುದುಡಿದೆ. ದಿನಾ ಬೆಳಿಗ್ಗೆ ಒಂದೊಂದು ಮಗ್ ನೀರು, ಹದಿನೈದು ದಿನಕ್ಕೊಮ್ಮೆ ಎರೆಗೊಬ್ಬರ ಹಾಕುತ್ತೇನೆ. ಕೊತ್ತಂಬರಿ ಮೂರು ಸಲ ಬಿತ್ತಿದೆ, ಮೊಳಕೆಯೇ ಬರಲಿಲ್ಲ. ಮಗಳು ಎರಡನೇ ಕ್ಲಾಸು. ಶಾಲೆಯಿಂದ ಬಂದವಳೇ ಮೇಲೆ ಓಡಿ ಕಾಯಿ ಎಣಿಸುತ್ತಾಳೆ. ಅವಳ ಕೈಗೆ ಒಂದಾದರೂ ಒಳ್ಳೆ ಹಣ್ಣು ಕೊಡಬೇಕು ಅಂತ ಆಸೆ. ನಿಮಗೆ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು, ಹೇಳ್ತೀರಾ?

ರಾಜಾಜಿನಗರದಿಂದ (ಹನ್ನೊಂದು ವರ್ಷದ ತಾರಸಿ ತೋಟ)

ಮೇಡಂ, ಮೊದಲು ಕುಂಡ ಬದಲಿಸಿ. ಟೊಮೆಟೊಗೆ 10 ಇಂಚು ಸಾಲುವುದಿಲ್ಲ. ಒಂದು ಗಿಡಕ್ಕೆ 15ರಿಂದ 20 ಲೀಟರ್ ಮಣ್ಣು ಬೇಕು, ಆಳ ಒಂದು ಅಡಿಯಾದರೂ ಇರಬೇಕು. ನಾನು ಬಳಸುವುದು 20 ಲೀಟರಿನ ಹಳೇ ಪೇಂಟ್ ಬಕೆಟ್. ಚೆನ್ನಾಗಿ ತೊಳೆದು, ತಳದಲ್ಲಿ ಐದಾರು ತೂತು ಕೊರೆದು, ಪಕ್ಕದಲ್ಲೂ ತಳದಿಂದ ಒಂದಿಂಚು ಮೇಲೆ ಎರಡು ತೂತು ಮಾಡುತ್ತೇನೆ. ತಳದ ತೂತು ಕಟ್ಟಿಕೊಂಡರೂ ನೀರು ಹೊರಗೆ ಹೋಗುತ್ತದೆ.

ಕಾಯಿಯ ತಳ ಕಪ್ಪಾಗುವುದು ಅಂಟುರೋಗ ಅಲ್ಲ, ಹುಳದ ಕೆಲಸವೂ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಹಾಗಾಗುತ್ತದೆ. ಹಾಗಂತ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲ್ಲ. ಅದು ನೀರಿನ ಜೊತೆಗೇ ಬೇರಿನಿಂದ ಮೇಲೆ ಹೋಗಬೇಕು. ಚಿಕ್ಕ ಕುಂಡದಲ್ಲಿ ಬೆಳಿಗ್ಗೆ ಮಣ್ಣು ಒದ್ದೆ, ಮಧ್ಯಾಹ್ನ ಎರಡು ಗಂಟೆಗೆ ಧೂಳು. ಇರುವ ಸ್ವಲ್ಪ ನೀರನ್ನು ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಗೆ ಏನೂ ಉಳಿಯುವುದಿಲ್ಲ. ನಾನೂ ಒಂದು ವರ್ಷ ಪೂರ್ತಿ ಮೊಟ್ಟೆ ಚಿಪ್ಪಿನ ಪುಡಿ ಸುರಿದೆ. ಮುಂದಿನ ಬೇಸಿಗೆಯಲ್ಲಿ ಮಣ್ಣು ಬಗ್ಗಿಸಿದಾಗ ಚಿಪ್ಪಿನ ಚೂರುಗಳು ಹಾಕಿದ ಹಾಗೇ ಸಿಕ್ಕವು, ಬಿಳೀ ಬಿಳೀ. ಚಿಪ್ಪು ಕರಗಲು ತುಂಬ ಕಾಲ ಬೇಕು. ಅದೇ ವರ್ಷ ದೊಡ್ಡ ಬಕೆಟ್ಟಿಗೆ ಬದಲಿಸಿ, ಬುಡಕ್ಕೆ ಮೂರು ಇಂಚು ಒಣಗಿದ ಎಲೆ ಹೊದಿಸಿದೆ. ಕಪ್ಪು ಚಕ್ಕೆ ಹತ್ತರಲ್ಲಿ ಒಂದಕ್ಕೆ ಇಳಿಯಿತು. ಚಕ್ಕೆ ಬಿದ್ದ ಕಾಯಿ ಕಿತ್ತುಬಿಡಿ, ಅದು ಸರಿಹೋಗುವುದಿಲ್ಲ.

ಮಣ್ಣಿನ ಹದ: ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಳಿತ ಗೊಬ್ಬರ ಸಮಸಮ. ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಎರಡು ಸಲ ನೀರು ಬದಲಿಸಿಯೇ ಬಳಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ.

ಬದಲಿಸುವಾಗ ಬೇರಿನ ಮುದ್ದೆ ಒಡೆಯಬೇಡಿ. ಸಂಜೆ ಹೊತ್ತು ಮಾಡಿ, ಕೆಳಗಿನ ಎಲೆಗಳನ್ನು ತೆಗೆದು ಕಾಂಡವನ್ನು ನಾಲ್ಕು ಬೆರಳು ಆಳಕ್ಕೆ ಹೂತುಬಿಡಿ. ಟೊಮೆಟೊ ಕಾಂಡದ ಮೇಲೆ ಸಣ್ಣ ಸಣ್ಣ ಗಂಟು ಕಾಣುತ್ತವಲ್ಲ, ಮಣ್ಣು ಸೋಕಿದರೆ ಅಲ್ಲೆಲ್ಲ ಬೇರು ಬರುತ್ತದೆ. ಎರಡು ಮೂರು ದಿನ ನೆರಳಲ್ಲಿಡಿ. ಹೂವು ಒಂದಷ್ಟು ಉದುರಿಯಾವು, ಹೆದರಬೇಡಿ.

ಇನ್ನೊಂದು ಮಾತು. ನಿಮ್ಮದು ಬಾಡಿಗೆ ಮನೆ. ನೀರು ಕುಡಿದ 20 ಲೀಟರ್ ಬಕೆಟ್ ಇಪ್ಪತ್ತು, ಇಪ್ಪತ್ತೈದು ಕೆಜಿ ತೂಗುತ್ತದೆ. ಎಲ್ಲವನ್ನೂ ನಡುಮಧ್ಯ ಇಡಬೇಡಿ, ಅಂಚಿನ ಗೋಡೆಯುದ್ದಕ್ಕೆ ಹರಡಿ. ಕೆಳಗೆ ಎರಡು ಇಟ್ಟಿಗೆ ಇಡಿ. ತಳ ಒಣಗಿದ್ದರೆ ಆಂಟಿಯ ಸೀಲಿಂಗೂ ಉಳಿಯುತ್ತದೆ, ನಿಮ್ಮ ಗಿಡವೂ ಉಳಿಯುತ್ತದೆ.

ಧಾರವಾಡದಿಂದ

ಹೂವು ಉದುರೋದು ಬಿಸಿಲಿಗೆ ರೀ. ಹಗಲು 35 ಡಿಗ್ರಿ ದಾಟಿದರೆ ಹೂವಿನ ಪರಾಗ ಕೆಡುತ್ತದೆ. ನಮ್ಮ ಕಡೆ ಏಪ್ರಿಲ್ ಬಂತಂದ್ರೆ ಬಿಸಿಲು ಭಾಳ. ನಾನು 50 ಪರ್ಸೆಂಟಿನ ಹಸಿರು ನೆರಳು ಬಲೆ ಕಟ್ಟುತ್ತೇನೆ, ಮಧ್ಯಾಹ್ನದ ಬಿಸಿಲು ಬೀಳುವ ಕಡೆಗೆ ಮಾತ್ರ. ಬೆಳಗಿನ ಬಿಸಿಲು ಪೂರ್ತಿ ಸಿಗಬೇಕು. ಕಪ್ಪು ಬಣ್ಣದ ಕುಂಡ ಇದ್ದರೆ ಹೊರಗೆ ಗೋಣಿಚೀಲ ಸುತ್ತಿರಿ. ಮಧ್ಯಾಹ್ನ ಒಮ್ಮೆ ಕುಂಡದ ಗೋಡೆಗೆ ಕೈ ಇಟ್ಟು ನೋಡ್ರಿ, ಕೈ ಸುಡುತ್ತದೆ. ಒಳಗಿನ ಬೇರಿಗೂ ಅದೇ ಕಾವು.

ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಹೂಗೊಂಚಲಿನ ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ಚಿಟಿಕೆ ಹೊಡೆಯಿರಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ, ಅಲುಗಾಡಿದರೆ ಸಾಕು. ಮೂರನೇ ಮಹಡಿಗೆ ದುಂಬಿ ಕಡಿಮೆ ಬರುತ್ತವೆ. ಆ ಕೆಲಸ ನಿಮ್ಮ ಮಗಳಿಗೆ ಕೊಡ್ರಿ.

ಹೆಸರಘಟ್ಟ ರಸ್ತೆಯಿಂದ

ಮುದುಡಿದ ಎಲೆ ಯಾವುದು, ನೋಡಿ ಹೇಳಿ. ಕೆಳಗಿನ ಹಳೇ ಎಲೆ ಕೊಳವೆ ಥರ ಸುತ್ತಿಕೊಂಡು ಹಸಿರಾಗೇ ಇದ್ದರೆ ಅದು ಬಿಸಿಲು, ನೀರಿನ ಕೊರತೆ. ತುದಿಯ ಹೊಸ ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಮುರುಟಿ ಗಿಡ ಬೆಳೆಯುವುದೇ ನಿಂತಿದ್ದರೆ ಅದು ಎಲೆ ಮುಟುರು ರೋಗ, ವೈರಸ್. ಅದನ್ನು ಹರಡುವುದು ಬಿಳಿ ನೊಣ. ಗಿಡ ಅಲುಗಿಸಿದರೆ ಎಲೆಯಡಿಯಿಂದ ಬಿಳಿ ಪುಡಿ ಹಾರಿದ ಹಾಗೆ ಕಾಣುತ್ತದೆ, ಅದೇ. ವೈರಸ್ಸಿಗೆ ಔಷಧಿ ಇಲ್ಲ. ಆ ಗಿಡವನ್ನು ಕವರಿನಲ್ಲಿ ಮುಚ್ಚಿ ಕಿತ್ತು ಬಿಸಾಕಿ. ಮನಸ್ಸು ಬರುವುದಿಲ್ಲ, ಗೊತ್ತು. ನಾನು ಒಂದನ್ನು ಉಳಿಸಿಕೊಳ್ಳಲು ಹೋಗಿ ಎಂಟು ಗಿಡ ಕಳೆದುಕೊಂಡೆ.

ಉಳಿದವಕ್ಕೆ ಹಳದಿ ಅಂಟು ಹಾಳೆ ನೇತುಹಾಕಿ. ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಂಜೆ ಎಲೆಯ ಅಡಿಗೆ ಹೊಡೆಯಿರಿ. ಮೇಲೆ ಹೊಡೆದರೆ ಪ್ರಯೋಜನ ಇಲ್ಲ, ನೊಣ ಕೂರುವುದು ಅಡಿಯಲ್ಲಿ.

ಮುಂದಿನ ಸಲ ಅರ್ಕಾ ರಕ್ಷಕ್ ಬೀಜ ಹಾಕಿ. ಇಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಂದ ತಳಿ. ಎಲೆ ಮುಟುರು, ದುಂಡಾಣು (ಬ್ಯಾಕ್ಟೀರಿಯಾ) ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್), ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ. ಸಾರಿಗೆ ಹುಳಿ ಬೇಕು ಅನ್ನುವವರು ಒಂದೆರಡು ನಾಟಿ ಗಿಡವನ್ನೂ ಇಟ್ಟುಕೊಳ್ಳಿ. ರುಚಿಗೆ ನಾಟಿಯೇ ಸರಿ.

ಪುತ್ತೂರಿನಿಂದ

ನಮ್ಮಲ್ಲಿ ತೊಂದರೆಯೇ ಬೇರೆ. ನಿನ್ನೆವರೆಗೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿರುವಾಗಲೇ ಜೋತು ಬೀಳುತ್ತದೆ. ಅದು ದುಂಡಾಣು ಸೊರಗು ರೋಗವಾ ಅಂತ ತಿಳಿಯಲು ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನ ಎಳೆ ಹಾಗೆ ಬೆಳ್ಳಗೆ ಇಳಿದರೆ ಅದೇ. ಆ ಕುಂಡದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬಾರದು. ಮೂರೂ ಒಂದೇ ಕುಟುಂಬ.

ಮಳೆಗಾಲದಲ್ಲಿ ಟೊಮೆಟೊ ಆಸೆ ಬಿಟ್ಟು ಬಸಳೆ, ಹರಿವೆ ಹಾಕುತ್ತೇವೆ. ಬಸಳೆಗೆ ಸುಡುಮಣ್ಣು (ತರಗೆಲೆ ಜೊತೆ ಸುಟ್ಟ ಮಣ್ಣು) ಕೊಟ್ಟು ನೋಡಿ, ದಂಟು ಬೆರಳಿನ ದಪ್ಪ ಬರುತ್ತದೆ. ಟೊಮೆಟೊ ಸಸಿ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ನಂತರ.

ಮೈಸೂರಿನಿಂದ

ನೋಡಮ್ಮ, ಟೊಮೆಟೊ ಬಗ್ಗೆ ತಿಳಿದವರು ಹೇಳಿದ್ದಾರೆ. ನಾನು ಕೊತ್ತಂಬರಿ ಹೇಳುತ್ತೇನೆ. ಧನಿಯಾ ಕಾಳನ್ನು ಹಾಗೇ ಹಾಕಿದ್ರಾ? ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತೆ. ಮೊರದ ಮೇಲೆ ಹರಡಿ, ಚಪ್ಪಲಿಯ ಹಿಮ್ಮಡಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು. ಪುಡಿ ಆಗಬಾರದು. ಒಂದು ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಮೊಳಕೆಗೆ ಎಂಟು ಹತ್ತು ದಿನ ಬೇಕು. ನಾಲ್ಕನೇ ದಿನಕ್ಕೆ ಬರಲಿಲ್ಲ ಅಂತ ಕೆದಕಬೇಡಿ. ಮೊಳಕೆ ಕಂಡ ದಿನವೇ ಬಟ್ಟೆ ತೆಗೆಯಿರಿ. ಈಗ ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತೆ, ಅದಕ್ಕೆ ಬೆಳಗಿನ ಬಿಸಿಲು ಮಾತ್ರ ತಾಗುವ ಕಡೆ ಇಡಿ.

ಮಗು ಕಾಯುತ್ತಿದೆ ಅಂದಿರಲ್ಲ, ಅವಳಿಗೆ ಮೆಂತ್ಯ ಹಾಕಿಕೊಡಿ. ಡಬ್ಬಿಯಲ್ಲಿರುವ ಮೆಂತ್ಯವೇ ಸಾಕು. ಮೂರು ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ದಿನಕ್ಕೆ ಪಲ್ಯ. ಮಾರ್ಕೆಟ್ಟಿನ ಪುದೀನದ ದಪ್ಪ ಕಡ್ಡಿಗಳನ್ನು ನೀರಲ್ಲಿಟ್ಟರೆ ವಾರಕ್ಕೆ ಬೇರು ಬಿಡುತ್ತೆ. ಪುದೀನಕ್ಕೆ ಬೇರೆಯೇ ಕುಂಡ ಕೊಡಿ, ಪಕ್ಕದವರನ್ನು ಬದುಕಲು ಬಿಡೋದಿಲ್ಲ ಅದು.

ಮಲ್ಲೇಶ್ವರದಿಂದ

ನೀರಿನ ಬಗ್ಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಗಿನಿಂದ ನಾವು ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನೆಲ್ಲ ಒಂದು ಬಕೆಟ್ಟಿಗೆ ಹಿಡಿಯುತ್ತೇವೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎಂಟು ಹತ್ತು ಲೀಟರ್ ಸಿಗುತ್ತದೆ. ಅವತ್ತಿನದು ಅವತ್ತೇ ಹಾಕಿ, ಮರುದಿನಕ್ಕೆ ವಾಸನೆ. ಆರ್‌ಓ ಫಿಲ್ಟರಿನಿಂದ ಹೊರಬರುವ ನೀರನ್ನು ದಿನಾ ಹಾಕಬೇಡಿ, ಉಪ್ಪು ಜಾಸ್ತಿ. ನಮ್ಮ ಮೆಣಸಿನ ಗಿಡದ ಎಲೆಯಂಚು ಅದರಿಂದಲೇ ಸುಟ್ಟಿತು.

ಕೇಳಿದವರಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ತುದಿ ಮುರುಟಿದ ಒಂದು ಗಿಡ ಕಿತ್ತೆ. ಇನ್ನೊಂದರಲ್ಲಿ ಕೆಳಗಿನ ಎಲೆ ಮಾತ್ರ ಮುದುಡಿದೆ, ಅದನ್ನು ಬಿಟ್ಟಿದ್ದೇನೆ. ಸಂಜೆ ಒಂದು ಕುಂಡ ಬೋರಲು ಹಾಕಿ ಗಿಡ ಹೊರತೆಗೆದೆ. ಬೇರುಗಳೆಲ್ಲ ಕುಂಡದ ಗೋಡೆಗೆ ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿದೆ. ನಾನು ನೀರು ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ. ಮೇಲಿನ ಎರಡು ಇಂಚು ಒದ್ದೆ, ನಡುವಿನ ಮುದ್ದೆಗೆ ಬೆರಳು ಹಾಕಿದರೆ ಒಣ ಪುಡಿ! ಇಷ್ಟು ದಿನ ಹಾಕಿದ ನೀರೆಲ್ಲ ಗೋಡೆಯಂಚಿನಿಂದ ಜಾರಿ ಕೆಳಗೆ ಹೋಗಿದೆ ಅನ್ನಿಸುತ್ತೆ. ಇದನ್ನು ಹೀಗೇ ದೊಡ್ಡ ಬಕೆಟ್ಟಿಗೆ ಇಡಬಹುದಾ?

ರಾಜಾಜಿನಗರದಿಂದ

ಹೀಗೇ ಇಡಬೇಡಿ ಮೇಡಂ. ಪೂರ್ತಿ ಒಣಗಿದ ಕೋಕೋಪೀಟ್, ಗೊಬ್ಬರ ಮೇಲಿನಿಂದ ಹಾಕಿದ ನೀರನ್ನು ಬೇಗ ಹೀರುವುದಿಲ್ಲ. ಮೊದಲು ಒಂದು ಟಬ್ಬಿಗೆ ನೀರು ತುಂಬಿ, ಗಿಡವನ್ನು ಬೇರಿನ ಮುದ್ದೆ ಮುಳುಗುವ ಹಾಗೆ ಕೂರಿಸಿ. ಗುಳ್ಳೆ ಬರಲು ಶುರುವಾಗುತ್ತದೆ. ಗುಳ್ಳೆ ನಿಲ್ಲುವ ತನಕ ಬಿಡಿ. ಆಮೇಲೆ ಎತ್ತಿ, ನೀರು ಸೋರಿದ ಮೇಲೆ ಬಕೆಟ್ಟಿಗೆ ನೆಡಿ. ಟಬ್ಬಿನಲ್ಲಿ ಉಳಿದ ನೀರು ಮುಂದಿನ ಗಿಡಕ್ಕೆ.

ಕೇಳಿದವರಿಂದ

ಕೂರಿಸಿದ್ದೇವೆ. ಹತ್ತು ನಿಮಿಷ ಆಯಿತು. ಮಗಳು ಟಬ್ಬಿನ ಪಕ್ಕದಲ್ಲೇ ಕೂತು ಗುಳ್ಳೆ ಎಣಿಸುತ್ತಿದ್ದಾಳೆ. ಇನ್ನೂ ಬರುತ್ತಿದೆ.